ಧೂಳೆಂದು ಗುರುತಿಸಿದ್ದು

ಬ್ರನೋ ಊರಿನ ಫಿಲ್ಮ್ ಭಂಡಾರ, ನೆಲಮಾಳಿಗೆ.
ನನ್ನ ಕೆಲಸ ಧೂಳು ತೆಗೆಯುವುದು.
ಅರವತ್ತಮೂರರ ಚಿತ್ರ, ಏಳು ರೀಲು, ಹುಳಿತ ವಿನಿಗರ್ ವಾಸನೆ.
ಡಬ್ಬಿಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದಾರೆ:
‘ಮಕ್ಕಳಿಗೆ. ಆದರೆ ಮೂರನೆಯ ರೀಲು
ಮೊದಲು ನೀವು ನೋಡಿ.’

ಕಥೆ ದೊಡ್ಡದಲ್ಲ.
ಗಾಜಿನ ಕಾರ್ಖಾನೆಯ ರಾತ್ರಿಪಾಳಿಯಲ್ಲೊಂದು ತಗಡಿನಾಳು;
ಒಂದು ದಿನ ಕುಲುಮೆಯೆದುರು ನಿಂತುಬಿಡುತ್ತದೆ.
ಕೆಟ್ಟಿಲ್ಲ. ಕೀಲಿಗೆ ಎಣ್ಣೆಯಿದೆ, ಬ್ಯಾಟರಿ ತುಂಬಿದೆ.
ಏನಾಯಿತು ನಿನಗೆ ಅಂದರೆ
‘ಆಗಿಲ್ಲ, ಆಗುತ್ತಿದೆ’ ಅನ್ನುತ್ತದೆ.

ಇಲ್ಲಿನವರ ನುಡಿಯಲ್ಲಿ ರೋಬೊ ಎಂಬ ಮಾತು
ಮೊಳೆತದ್ದು ಧಣಿಯ ಹೊಲದ ಬಿಟ್ಟಿ ದುಡಿಮೆಯಲ್ಲಿ.
ಬಿಟ್ಟಿ ಅಂದರೆ ಪುಕ್ಕಟೆಯಲ್ಲ.
ಯಾರದೋ ಬೆನ್ನು, ಅಷ್ಟೆ.

ಮೂರನೆಯ ರೀಲು.
ಉದ್ದನೆಯ ಮೇಜು, ಕೋಟು ತೊಟ್ಟ ಮೂವರು.
ನಡುವಿನವ ಕನ್ನಡಕ ಒರೆಸುತ್ತ ಹೇಳುತ್ತಾನೆ:
‘ನಿನ್ನನ್ನು ಕರಗಿಸುವುದೆಂದು ತೀರ್ಮಾನವಾಗಿದೆ.
ಹೇಳುವುದೇನಾದರೂ ಇದೆಯೇ?’
ಆಮೇಲೆ ಸಂಗೀತವಿಲ್ಲ, ಗಡಿಯಾರವಿಲ್ಲ,
ಪರದೆ ತುಂಬ ಆ ತಗಡಿನ ಮುಖ, ಕಣ್ಣಿರಬೇಕಾದಲ್ಲಿ ಒಂದು ಸೀಳು.
ಹನ್ನೊಂದು ಸೆಕೆಂಡು.
ಕಡೆಗೆ ‘ಇದೆ’ ಅನ್ನುತ್ತದೆ.
ಅಲ್ಲಿಗೆ ಆ ದೃಶ್ಯ ಕತ್ತರಿಸಿದೆ.

ಹನ್ನೊಂದು ಸೆಕೆಂಡೆಂದರೆ ನನಗೆ ಇನ್ನೂರ ಅರವತ್ತನಾಲ್ಕು ಚೌಕ.
ಒಂದರಂತೆ ಇನ್ನೊಂದು, ಅದರಂತೆ ಮತ್ತೊಂದು,
ಗೀರು, ಬೂಷ್ಟು, ಯಾರದೋ ಹೆಬ್ಬೆರಳ ಗುರುತು.
ಮೊದಲ ಸುತ್ತು ಪ್ರೋಗ್ರಾಮಿನದು.
ಕೊಳೆ ಕಂಡಲ್ಲಿ ಕೆಂಪು ಸುತ್ತು ಹಾಕಿ,
ಹಿಂದುಮುಂದಿನ ಚೌಕ ನೋಡಿ, ನಡುವಿನದನ್ನು ತಾನೇ ಊಹಿಸಿ ತುಂಬುತ್ತದೆ.
ಚುರುಕು. ನನಗಿಂತ ಚುರುಕು.
ನೂರ ತೊಂಬತ್ತೊಂದರಿಂದ ತೊಂಬತ್ತೈದರವರೆಗೆ
ಸೀಳಿನೊಳಗೆ ಏನೋ ಸುತ್ತಿತ್ತು:
‘ಧೂಳು. ಖಚಿತತೆ ತೊಂಬತ್ತೆಂಟು.’

ಪಕ್ಕದ ಮೇಜಿನ ಕ್ವಿಡೋ ಚಹಾ ಆರಿಸುತ್ತ,
‘ಒಪ್ಪಿಗೆ ಒತ್ತು ಮಾರಾಯ್ತಿ, ಕಡೆಯ ಟ್ರಾಮು ತಪ್ಪುತ್ತೆ’ ಅಂದ.
ನಾನು ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ.
ರೆಪ್ಪೆ.
ಇಳಿಯುತ್ತಿರುವ ರೆಪ್ಪೆ, ಮುಚ್ಚಿದ ರೆಪ್ಪೆ,
ಏಳಲೋ ಬೇಡವೋ ಎಂಬಂತೆ ಅರೆ ಎದ್ದ ರೆಪ್ಪೆ.

ಹೆಸರುಗಳ ಪಟ್ಟಿಯಲ್ಲಿ ಅವಳಿಲ್ಲ.
ಸಂಬಳದ ಪುಸ್ತಕದಲ್ಲಿ ಸಿಕ್ಕಳು: ಓಟಿಲಿಯೆ,
ಜ್ಲೀನ್ ಊರಿನ ಚಪ್ಪಲಿ ಕಾರ್ಖಾನೆಯ ಹೊಲಿಗೆಯವಳು,
ಎತ್ತರ ನಾಲ್ಕಡಿ ಎಂಟಂಗುಲ. ಆ ಅಂಗಿಗೆ ಹಿಡಿಸುವ ಮೈ.
ದಿನಕ್ಕಿಷ್ಟು, ಊಟ ಬೇರೆ.
ಈಗ ಎಂಬತ್ತೈದು. ಫೋನು ಎತ್ತಿದ್ದು ಅವಳೇ.

ಆಗ ಏನು ಯೋಚಿಸುತ್ತಿದ್ದಿರಿ ಎಂದೆ.
ನಕ್ಕಳು. ಹಿಂದೆ ಕುಕ್ಕರೋ ಏನೋ ಸಿಳ್ಳೆ ಹಾಕಿತು.
‘ಯೋಚನೆಯೇ? ಮಾತು ಮರೆತುಹೋಗಿತ್ತಮ್ಮ.
ಇದ್ದದ್ದು ಒಂದೇ ಮಾತು, ಅದೂ ಎರಡಕ್ಷರ.
ಎಲ್ಲರೂ ಕಾಯುತ್ತಿದ್ದರು. ಒಳಗೆ ದೀಪದ ಕಾವು.
ಹಣೆಯ ಬೆವರು ಕಣ್ಣಿಗಿಳಿಯಿತು,
ಒರೆಸೋಣವೆಂದರೆ ಕೈಯೂ ತಗಡು.’
ತುಸು ತಡೆದು, ‘ಚೆನ್ನಾಗಿ ಕಾಣುತ್ತಾ?’
ಕಾಣುತ್ತದೆ ಎಂದೆ.

ಆ ತಲೆ ಎಲ್ಲಿಹೋಯಿತೆಂದು ಕೇಳಲಿಲ್ಲ, ತಾನೇ ಹೇಳಿದಳು:
ಗಂಡ ಅದರಲ್ಲಿ ಮೂಲಂಗಿ ಬೀಜ ಇಡುತ್ತಿದ್ದನಂತೆ,
ಇಲಿ ಹೊಗದಂತೆ, ಕಣ್ಣಿನ ಸೀಳಿಗೆ ಚಿಂದಿ ತುರುಕಿ.

ಐದು ಕೆಂಪು ಸುತ್ತು ಒಂದೊಂದಾಗಿ ಬಿಡಿಸಿದೆ.
‘ಯಾಕೆ?’ ಎಂದು ಪ್ರೋಗ್ರಾಮು ಕೇಳುತ್ತದೆ, ಅದರ ನಿಯಮ,
ಕಾರಣ ಬರೆಯಲು ಒಂದು ಸಣ್ಣ ಚೌಕ ತೆರೆಯುತ್ತದೆ.
ಬೆರಳು ಕೀಲಿಗಳ ಮೇಲೆ.
ಬರೆಯುವುದೇನಾದರೂ ಇದೆಯೇ?
ಟ್ರಾಮು ಹೋದ ಸದ್ದಾಯಿತು.