ಎಡಕ್ಕೊಂದು, ಬಲಕ್ಕೊಂದು

ಮೊಂಬಾಸಾ. ಲಿಕೋನಿ ದೋಣಿಗಟ್ಟೆಯ ಈಚೆ,
ಹಡಗುಗಳು ಬಂದರಿಗೆ ನುಸುಳುವ ದಂಡೆಯಲ್ಲಿ
ಒಂದು ಬಾವೊಬಾಬ್ ಮರ. ಅದರ ಹೊಟ್ಟೆಗೆ ಒರಗಿ
ನನ್ನ ಪ್ರಿಂಟರು, ಲಾರಿಯ ಬ್ಯಾಟರಿ, ಪ್ಲಾಸ್ಟಿಕ್ ಕುರ್ಚಿ.
ಫೋಟೊ ತೆಗೆಯುವವರು ಇಬ್ಬರು.
ಕಾಗದಕ್ಕಿಳಿಸುವವಳು ನಾನೊಬ್ಬಳೇ,
ಜಗಳ ಕೇಳುವ ಕರ್ಮವೂ ನನ್ನದೇ.

ಮ್ವಾದಿಮೆಯದು ಕ್ಯಾನನ್. ಶೇಬ್ವಾನಾನದು ನಿಕಾನ್.
ಎರಡೂ ಯಾರೋ ಬಳಸಿ ಬಿಟ್ಟವು.
ಒಂದರ ರಬ್ಬರು ಕಿತ್ತು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ.
ಇನ್ನೊಂದರ ಹಿಡಿಯ ಕೆಂಪು ತ್ರಿಕೋನ
ಬೆವರಿಗೆ, ಬೆರಳಿಗೆ ಸವೆದು
ಮೂಗುತಿಯ ಹರಳಿನಷ್ಟು ಉಳಿದಿದೆ.

ಲೆನ್ಸು ಕೂರಿಸುವಾಗ ನೋಡಬೇಕು ಇವರನ್ನು.
ಇವನದು ಬಲಕ್ಕೆ ತಿರುಗಿಸಿದರೆ ಕಟಕ್,
ಅವನದು ಎಡಕ್ಕೆ.
ಇವನು ಬಿಗಿಯುವುದು ಅವನು ಬಿಚ್ಚುವ ಹಾಗೆ.
ಎತ್ತು ಏರಿಗೆ, ಕೋಣ ನೀರಿಗೆ.
ಚಾರ್ಜರು ಬೇರೆ, ಬ್ಯಾಟರಿ ಬೇರೆ,
ಜೂಮಿನ ಬಳೆ ಕೂಡ
ಒಂದಕ್ಕೊಂದು ಬೆನ್ನು ಹಾಕಿ ತಿರುಗುತ್ತದೆ.

‘ನಿನ್ನದರಲ್ಲಿ ಊರಿಗೆಲ್ಲ ಕಾಮಾಲೆ’ ಎನ್ನುತ್ತಾನೆ ಮ್ವಾದಿಮೆ.
‘ನಿನ್ನದರಲ್ಲಿ ಎಲ್ಲರೂ ಈಗಷ್ಟೇ ಕಪಾಳಕ್ಕೆ ತಿಂದವರು.’
‘ನನ್ನದು ನೆರಳೊಳಗೆ ಕೈಹಾಕಿ ಕಣ್ಣು ಎತ್ತಿ ತರುತ್ತದೆ.’
‘ತರಲಿ, ಅಷ್ಟರಲ್ಲಿ ನಾನು ಮೂರು ಗಿರಾಕಿ ಮುಗಿಸಿರುತ್ತೇನೆ.’
ಎಳನೀರಿನವಳು ಇಬ್ಬರಿಗೂ ಹೂಂಗುಟ್ಟುತ್ತಾಳೆ.
ಅವಳ ಫೋಟೊ ಇಬ್ಬರೂ ತೆಗೆದಿಲ್ಲ, ಇನ್ನೂ.

ನಾನು ಕಂಡದ್ದು ಬೇರೆ.
ಮಧ್ಯಾಹ್ನ ಸಮುದ್ರ ತಗಡಿನಂತೆ ಹೊಳೆವಾಗ
ಅದರ ಮುಂದೆ ನಿಂತ ನಮ್ಮ ಕಪ್ಪು ಮುಖಗಳು
ಎರಡು ಪೆಟ್ಟಿಗೆಗೂ ಒಗಟು.
ಎರಡೂ ನೀರನ್ನೇ ನಂಬಿ
ಮುಖವನ್ನು ಬಾವಿಗೆ ತಳ್ಳುತ್ತವೆ.
ಆಗ ಇಬ್ಬರೂ, ಒಬ್ಬರಿಗೊಬ್ಬರು ಕಾಣದ ಹಾಗೆ,
ಬೆಳಕಿನ ಚಕ್ರವನ್ನು ಎರಡು ಹಲ್ಲು ತಿರುಗಿಸುತ್ತಾರೆ.
ಎರಡೇ. ಲೆಕ್ಕ ಇಟ್ಟಿದ್ದೇನೆ.

ಈದ್‌ನ ಮಾರನೆ ದಿನ ವೋಯಿಯಿಂದ ಒಂದು ಮನೆಯವರು.
ಹನ್ನೊಂದು ಜನ. ಅಜ್ಜಿ ಸಮುದ್ರ ನೋಡುತ್ತಿರುವುದು ಇದೇ ಮೊದಲು,
ಚಪ್ಪಲಿ ಕೈಯಲ್ಲಿ ಹಿಡಿದೇ ನಿಂತಿದ್ದಾಳೆ.
ಮ್ವಾದಿಮೆ ಮೂರು ಹೊಡೆದ. ನಾಲ್ಕನೆಯದಕ್ಕೆ
ಕ್ಯಾನನ್ನಿನೊಳಗೆ ಏನೋ ಕೆಮ್ಮಿ, ಕೂತುಬಿಟ್ಟಿತು.
ಬ್ಯಾಟರಿ ತೆಗೆದ, ಊದಿದ, ಹಾಕಿದ.
ಹನ್ನೊಂದು ಜನ ಹಲ್ಲು ತೆರೆದೇ ಕಾಯುತ್ತಿದ್ದರು.
ಒಬ್ಬ ಮೊಮ್ಮಗನ ಕೈ ಮೆಲ್ಲಗೆ
ಜೇಬಿನ ಫೋನಿನತ್ತ ಹೋಯಿತು.
ಆ ಕೈಯನ್ನು ಇಬ್ಬರೂ ಕಂಡರು.

ಶೇಬ್ವಾನಾ ಮಾತಾಡಲಿಲ್ಲ.
ನಿಕಾನಿನ ಪಕ್ಕದ ಬಾಗಿಲು ತೆರೆದು
ತನ್ನ ಕಾರ್ಡು ತೆಗೆದು ತುಟಿಯಲ್ಲಿ ಕಚ್ಚಿ
ಅಂಗೈ ಚಾಚಿದ.
ಒಂದು ಅಲೆ ಬಂದು ಹೋಗುವಷ್ಟು ಹೊತ್ತು
ಮ್ವಾದಿಮೆ ಆ ಅಂಗೈ ನೋಡಿದ.
ಆಮೇಲೆ ತನ್ನ ಕಾರ್ಡು ಇಟ್ಟ.
ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು.
ಹೋಯಿತು ಒಳಗೆ, ಹುಟ್ಟಿದ ಮನೆಗೆ ಹೋದ ಹಾಗೆ.

ನಿಕಾನ್ ಈಗ ಮ್ವಾದಿಮೆಯ ಕೈಯಲ್ಲಿ.
ಹನ್ನೊಂದೂ ಜನ ಹಿಡಿಸಬೇಕು. ಬಳೆ ತಿರುಗಿಸಿದ,
ಹತ್ತು ವರ್ಷದ ರೂಢಿಯ ದಿಕ್ಕಿಗೆ.
ದೂರ ಮಾಡಲು ಹೋದವನಿಗೆ ಅಜ್ಜಿ ಹತ್ತಿರ ಬಂದಳು,
ಹತ್ತು ಜನರನ್ನೂ ಸಮುದ್ರವನ್ನೂ ಆಚೆ ತಳ್ಳಿ,
ಸುಕ್ಕು ಸುಕ್ಕು, ತುಂಬ.
ಬೆರಳು ತಡೆಯಲಿಲ್ಲ. ಒತ್ತಿತು.

ನನ್ನ ಪ್ರಿಂಟರಿಗೆ ಪಕ್ಷವಿಲ್ಲ.
ಕಾಗದ ಮೊದಲು ಹಳದಿಯಾಗಿ ಹೊರಗೆ ಬರುತ್ತದೆ: ಎಲ್ಲರಿಗೂ ಕಾಮಾಲೆ.
ಒಳಗೆ ಹೋಗಿ ಕೆಂಪು ಹೊತ್ತು ಬರುತ್ತದೆ: ಎಲ್ಲರಿಗೂ ಕಪಾಳಮೋಕ್ಷ.
ಮತ್ತೆ ಒಳಗೆ. ನೀಲಿ ಬಿದ್ದ ಮೇಲೆ
ಯಾರೋ ಒಬ್ಬರು ಆಗುತ್ತದೆ.

ಅಜ್ಜಿ ಕಾಗದದ ಅಂಚು ಹಿಡಿದು ನೋಡಿದಳು.
‘ಸಮುದ್ರ ಎಲ್ಲಿ ಇದರಲ್ಲಿ?’
ಯಾರೂ ಉತ್ತರ ಕೊಡಲಿಲ್ಲ.
ಆದರೂ ಅದನ್ನೇ ಲೇಸೊದ ಗಂಟಿಗೆ ಸುತ್ತಿಕೊಂಡಳು.

ಮರುದಿನ ಬೆಳಿಗ್ಗೆ, ಮಾಮೂಲಿ ಹೊತ್ತಿಗೆ,
‘ನಿನ್ನ ಜೂಮು ತಿರುಗುವುದೇ ತಪ್ಪು ದಿಕ್ಕಿಗೆ ಕಣೋ’ ಎಂದ ಮ್ವಾದಿಮೆ,
ಕರಿದ ಮರಗೆಣಸಿನ ಪೊಟ್ಟಣ
ಅವನ ಮುಂದೆ ಚಾಚುತ್ತ.
ನಾನು ಹೊಸ ಕಾಗದದ ಕಟ್ಟು ಒಡೆದೆ.