ಎರಡು ಕಟ್ಟಿನ ನಡುವೆ

ಮೊದಲು ಕತ್ತರಿ ಹಾಕಿದೆ. ಕತ್ತರಿ ಸೋತಿತು.
ಆಮೇಲೆ ತಾತನ ಉಳಿ.
ಬೆಥೆಸ್ಡಾದ ಗಣಿಯಲ್ಲಿ ನಲವತ್ತು ವರ್ಷ
ಸ್ಲೇಟುಕಲ್ಲನ್ನು ಹಾಳೆಹಾಳೆಯಾಗಿ ಬಿಡಿಸಿದ ಉಳಿ,
ಅಗಲ ಬಾಯಿ, ತೆಳು ತುಟಿ.
ಒಂದೇ ಏಟು,
ಕೊಳವೆಯ ಮೂತಿ ಬೊಚ್ಚುಬಾಯಿಯ ಹಾಗೆ ಒಳಸರಿದು ಚಪ್ಪಟೆ.

ಕಲ್ಲಿಗೆ ಪದರವಿದೆ,
ಎಲ್ಲಿ ತಟ್ಟಿದರೆ ಬಿಡುತ್ತೇನೆಂದು ಅದೇ ಹೇಳುತ್ತದೆ.
ಈ ಹೆಣಿಗೆ ಏನೂ ಹೇಳುವುದಿಲ್ಲ.
ಒಳಗೆ ರಬ್ಬರು, ಮೇಲೆ ಉಕ್ಕಿನ ಎಳೆಗಳ ಬಿಗಿ ಜಡೆ;
ಒಂದೆಳೆ ಮುನಿದು ಹೊರಟರೆ ಸಾಕು
ಹಿಂದೆಯೇ ಇಡೀ ಕುಲ.
ಈಗ ನನ್ನ ಕೈಯಲ್ಲಿರುವುದು ಒಂದು ಪುಟ್ಟ ಉಕ್ಕಿನ ಪೊರಕೆ.
ಹೆಬ್ಬೆರಳಲ್ಲಿ ಮೂರು ಮುಳ್ಳು, ತೋರುಬೆರಳಲ್ಲಿ ಒಂದು,
ಮೀಟರಿಗೆ ಹದಿನೆಂಟು ಪೌಂಡು ಕೊಟ್ಟು ತಂದ ಕೊಳವೆ
ನನ್ನ ಜಾಣತನದ ಲೆಕ್ಕದಲ್ಲಿ
ಇಂಚಿಂಚೇ ಗಿಡ್ಡವಾಗುತ್ತಿದೆ.

ವಾರವೆಲ್ಲ ಬ್ಯಾಂಗರಿಗೆ ಬಸ್ಸು ಓಡಿಸುತ್ತೇನೆ.
ಭಾನುವಾರ ಮಾತ್ರ ಈ ಕೊಟ್ಟಿಗೆಯೊಳಗೆ ನಾನು ರಾಜ,
ಹಿಂದೆ ಹಂದಿಗಳಿದ್ದ ಜಾಗ, ನವೆಂಬರಿನಲ್ಲಿ ಇನ್ನೂ ಕಮಟು.
ಹನ್ನೊಂದು ವರ್ಷದಿಂದ ಕದಲದ ಮಿನಿ ಕಾರು,
ಅದರ ಹೊಟ್ಟೆಯಡಿ
ಬಿರುಕುಬಿಟ್ಟ ಹಳೆಯ ಪೆಟ್ರೋಲ್ ಪೈಪು.
ಆತುರಗಾರನಿಗೆ ಬುದ್ಧಿ ಮಟ್ಟವಂತೆ.
ಹನ್ನೊಂದು ವರ್ಷದ ಆತುರಕ್ಕೆ ಏನಂತಾರೋ.

ಏಣಿ ವಾಪಸು ಕೊಡಲು ಬಂದಳು ನೆಸ್ಟಾ,
ಪಕ್ಕದ ಮನೆಯಾಕೆ, ಎಪ್ಪತ್ತೆರಡು.
ಚೀಲ ಹಿಡಿದು, ರಾತ್ರಿ ಹಗಲೆನ್ನದೆ ಮನೆಮನೆ ಹತ್ತಿ
ಈ ಕಣಿವೆಯ ಅರ್ಧ ಜನವನ್ನು
ಮೊದಲು ತಲೆಕೆಳಗಾಗಿ ನೋಡಿದವಳು.
ನನ್ನನ್ನೂ.

ಬೆರಳು ನೋಡಿದಳು. ಪೊರಕೆ ನೋಡಿದಳು.
"ಕಟ್ಟದೆ ಕುಯ್ದೆಯಾ ಇಥೆಲ್?"

ಕಪ್ಪು ಟೇಪು ಕೇಳಿದಳು.
ಎಳೆದೆಳೆದು ಸುತ್ತಿದಳು, ಉಸಿರು ಬಿಗಿಯುವಷ್ಟು,
ಪಕ್ಕದಲ್ಲೇ ಇನ್ನೊಂದು ಕಟ್ಟು,
ಎರಡರ ನಡುವೆ ಕೂದಲೆಳೆಯಷ್ಟೇ ಸಂದು.
"ಅಲ್ಲಾದರೆ ಎರಡು ಬೆರಳು ಬಿಡ್ತಿದ್ದೆ,
ಇಲ್ಲಿ ಬೇಡ" ಅಂದಳು
ಯಾರಿಗೋ ಹೇಳುವಂತೆ.

ಗರಗಸದಲ್ಲಿ ಹಲ್ಲು ಸಣ್ಣದಿರುವುದನ್ನು ಆರಿಸಿ ಕೊಟ್ಟಳು.
ತೂತಿನ ಮರದ ತುಂಡಿನ ಮಧ್ಯೆ ಕೊಳವೆ,
ಅದನ್ನು ಮೆತ್ತಗೆ ಹಿಡಿದ ವೈಸು,
ಆಚೆ ತುದಿಯಲ್ಲಿ ಅವಳ ಎರಡೂ ಕೈ.
"ಒತ್ತಬೇಡ.
ಒತ್ತಬೇಡ ಅಂದೆನಲ್ಲ,
ನಾನು ಹೇಳೋವರೆಗೂ."
ಅಲಗು ತನ್ನ ಭಾರದಲ್ಲೇ ಹೋಗಿ ಬಂತು, ಹೋಗಿ ಬಂತು,
ಎಳೆಗಳು ಒಂದೊಂದಾಗಿ ಕಿಣಿಕಿಣಿ ಎಂದವು.
"ಈಗ, ಸ್ವಲ್ಪ."
ತುಂಡು ಅವಳ ಅಂಗೈಗೆ ಬಿತ್ತು.

ಅಂಚು ಹೊಸ ನಾಣ್ಯದ ಹಾಗೆ.
ಒಂದೆಳೆಯೂ ತಲೆ ಎತ್ತಿಲ್ಲ.
ನಾನು ಹಿಗ್ಗಿ ಜೋಡಿಸಹೊರಟರೆ ಕೈಮೇಲೆ ಏಟು:
ಕಿರುಬೆರಳಿಗೆ ಬಟ್ಟೆ ಸುತ್ತಿ ಮೂತಿ ಒರೆಸಿದಳು,
ರಬ್ಬರಿನ ಪುಡಿ ಕರ್ರಗೆ ಬಂತು.
ಗಾಳಿ ಊದಿಸಿದಳು, ಮತ್ತೆ ಊದಿಸಿದಳು,
ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ
ಒಳಗೆಲ್ಲ ನೋಡಿದಳು.
ಆಚೆ ತುದಿಯಲ್ಲಿ ಬಟಾಣಿಯಷ್ಟು ಆಕಾಶ.

ಹನಿ ಎಣ್ಣೆ, ತಿರುಪು, ಸ್ಪ್ಯಾನರು.
ಕೀಲಿ ತಿರುವಿದೆ.
ಏನಿಲ್ಲ.
ಮತ್ತೆ. ಒಂದು ಕೆಮ್ಮು.
ಮತ್ತೆ. ಹಿತ್ತಲ ಗೋಡೆಯಾಚೆ ಕುರಿಗಳು ಚದುರಿ ಓಡುವಷ್ಟು
ಜೋರಾಗಿ ಅತ್ತಿತು.

ನೆಸ್ಟಾ ಮಣಿಕಟ್ಟು ತಿರುವಿ ಗಡಿಯಾರ ನೋಡಿದಳು.
"ನಾಲ್ಕು ಇಪ್ಪತ್ತೆರಡು."
ಯಾರೂ ಕೇಳಿರಲಿಲ್ಲ.

ಕೂಡುಗೂಡಲ್ಲಿ ಒಂದು ಹನಿ ಪೆಟ್ರೋಲು ಜಿನುಗಿತು.
ಎಂಜಿನ್ ಆರಿಸಿ, ಕಾಲು ಸುತ್ತು ಬಿಗಿದು, ಒರೆಸಿ, ಕಾದೆವು.
ಮತ್ತೆ ಓಡಿಸಿ ನೋಡಿದೆ. ಒಣಗಿಯೇ ಇತ್ತು.
ಅವಳು ಕೈ ತೊಳೆದಳು,
ಮೊಣಕೈವರೆಗೂ, ಬಹಳ ಹೊತ್ತು.

ಬಾಗಿಲ ಪಕ್ಕದ ಸ್ಲೇಟಿನ ಮೇಲೆ ಬಳಪದಲ್ಲಿ
ತಾರೀಖು ಬರೆದೆ, ವೇಳೆ ಬರೆದೆ.
ಬರೆದು ತಿರುಗಿದರೆ
ಏಣಿ ಇಲ್ಲ.
ತಂದ ಹಾಗೆಯೇ ಹೊತ್ತುಕೊಂಡು
ಹೊರಟೇ ಹೋಗಿದ್ದಾಳೆ.