ಮಳೆಯೊಂದಕ್ಕೆ ಎಷ್ಟು

ಬತೂಮಿಯಲ್ಲಿ ನಾನು ಕೊಡೆ ಮಾರುತ್ತೇನೆ,
ಹೋಪಾ ಮಾರುಕಟ್ಟೆಯ ಹಿಂಬಾಗಿಲಲ್ಲಿ,
ಚೀಸಿನ ಸಾಲು ಮುಗಿದಲ್ಲಿ,
ಮೊಬೈಲ್ ಕವರು ಮಾರುವ ಹುಡುಗನ ಪಕ್ಕ.
ಇಲ್ಲಿಂದ ಕಪ್ಪುಸಮುದ್ರ ಕಾಣುವುದಿಲ್ಲ;
ಅದರ ಗಾಳಿ ಮಾತ್ರ ಸಂಬಳವಿಲ್ಲದೆ
ನನ್ನ ಪರವಾಗಿ ದುಡಿಯುತ್ತದೆ.

ನಮ್ಮ ದುಡ್ಡಿಗೆ ಲಾರಿ ಅಂತ ಹೆಸರು,
ಭಾರ ಹೊರುವವರು ಮಾತ್ರ ನಾವೇ.
ಹನ್ನೆರಡು ಲಾರಿಯ ಕೊಡೆ
ಹನ್ನೆರಡು ಮಳೆ ಕಾಣುವುದಿಲ್ಲ.
ಇದು ನನಗೆ ಗೊತ್ತು, ಕೇಳಿದವರಿಲ್ಲ.
ಬಣ್ಣ ಕೇಳುತ್ತಾರೆ. ಗುಂಡಿ ಒತ್ತಿ ನೋಡುತ್ತಾರೆ.
ಹತ್ತಕ್ಕೆ ಕೊಡು ಅನ್ನುತ್ತಾರೆ; ಕೊಡೆ, ಅನ್ನುತ್ತೇನೆ;
ಕೊನೆಗೆ ಕೊಡುತ್ತೇನೆ,
ಕೊಡೆಯನ್ನೂ, ಎರಡು ಲಾರಿಯನ್ನೂ.

ಅಕ್ಟೋಬರಿನಲ್ಲಿ ಒಬ್ಬಳು ಬಂದಳು.
ಲಮಾರಾ. ಆಸ್ಪತ್ರೆಯ ಹೊದಿಕೆ ಒಗೆಯುವವಳು,
ಬ್ಲೀಚಿಗೆ ಬೆಳ್ಳಗಾದ ಬೆರಳು.
ನಾಲ್ಕು ಸತ್ತ ಕೊಡೆಗಳನ್ನು
ನನ್ನ ಮೇಜಿನ ಮೇಲೆ ಮಲಗಿಸಿದಳು,
ಗುರುತು ಹಿಡಿ ಅನ್ನುವ ಹಾಗೆ.
"ಇದು ಮೂರು ಮಳೆ. ಇದು ಎರಡು,
ಬಂದರಿನ ತಿರುವಿನಲ್ಲಿ ಹೋಯಿತು.
ಇದು ಐದು, ಪಾಪ, ಒಳ್ಳೆಯದು. ಇದು ನಾಲ್ಕು."
ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ
ಎಲ್ಲಾ ಬರೆದಿಟ್ಟಿದ್ದಳು.

ಆಮೇಲೆ ಬೆಲೆ ಕೇಳಲಿಲ್ಲ.
"ಎಷ್ಟು ಮಳೆ?" ಅಂದಳು.

ಹತ್ತೊಂಬತ್ತು ವರ್ಷದ ವ್ಯಾಪಾರ,
ಉತ್ತರ ಬಾಯಿಗೆ ಬರಲಿಲ್ಲ.
"ಬೆಲೆಬಾಳುವ ಕೊಡೆಗಳು" ಅಂತ ಬೋರ್ಡು ಬರೆಸಿದ್ದೇನೆ;
ಬೆಲೆ ನಾನು ಹಾಕಿದ್ದು,
ಬಾಳು ಅವರವರ ಹಣೆಬರಹ.

ಮೇಜಿನ ಅಡಿಯಿಂದ ದೊಡ್ಡದನ್ನು ತೆಗೆದೆ:
ಮರದ ಹಿಡಿಕೆ, ಉಕ್ಕಿನ ಕಡ್ಡಿ, ಎಂಬತ್ತೈದು.
ಹಡಗಿನಿಂದ ಇಳಿದವರಿಗಷ್ಟೇ ತೋರಿಸುವುದು.
ಒದ್ದೆ ಬೆರಳಲ್ಲಿ ರಟ್ಟಿನ ಮೇಲೆ
ಅವಳು ಭಾಗಾಕಾರ ಮಾಡಿದಳು.
"ನಾಲ್ಕಕ್ಕೆ ನಲವತ್ತೆಂಟು ಕೊಟ್ಟೆ, ಹದಿನಾಲ್ಕು ಮಳೆಗೆ.
ಇದು ಇಪ್ಪತ್ತೈದು ಮಳೆ ತಡೆದರೆ ಅದಕ್ಕೆ ಸಮ,
ಆಮೇಲಿನದೆಲ್ಲ ಲಾಭ.
ನವೆಂಬರ್ ಮುಗಿಯುವುದರೊಳಗೆ."
ಲೆಕ್ಕ ಸರಿಯಾಗಿತ್ತು.
ರಟ್ಟು ಒಣಗಿತು.
"ಪರ್ಸಿನಲ್ಲಿ ಇಪ್ಪತ್ತಿದೆ," ಅಂದಳು,
ನಗುತ್ತಲೇ.

ಸಾಲ ಕೊಡಲೇ ಅಂದುಕೊಂಡೆ. ಅನ್ನಲಿಲ್ಲ,
ನನ್ನ ಪರ್ಸೂ ಅಂಥದೇ.
ಅವಳೇ ಹಣ್ಣಿನ ಪೆಟ್ಟಿಗೆ ಎಳೆದು ಕೂತಳು.
ಮೂರು ಮಳೆಯದರ ಹಿಡಿಕೆ,
ಐದು ಮಳೆಯದರ ಕಡ್ಡಿ,
ಇನ್ನೆರಡರ ಬಟ್ಟೆ, ಒಂದು ನೀಲಿ, ಒಂದು ಸಾಸಿವೆ ಬಣ್ಣ.
ಜೇಬಿನಿಂದ ಆಸ್ಪತ್ರೆಯ ದಪ್ಪ ದಾರ.
ಕಡ್ಡಿಯ ಕೀಲಿಗೆ ದಾರ ಸುತ್ತುವಾಗ
"ಹಿಡಿದುಕೋ" ಅಂದಳು, ಹಿಡಿದುಕೊಂಡೆ.
ಕೊಡೆಯೊಳಗೆ ಹೀಗಿರುತ್ತದೆಂದು
ನಾನು ನೋಡಿದ್ದೇ ಅವತ್ತು.

ನನಗೆ ಒಂದು ಟೆಟ್ರಿಯೂ ಸಿಗಲಿಲ್ಲ.
ಉಳಿದ ಎಲುಬುಗಳನ್ನು ಬಿಟ್ಟು ಹೋದಳು,
"ಇಟ್ಟುಕೋ, ಯಾರಾದರೂ ಕೇಳುತ್ತಾರೆ."
ಇಬ್ಬರು ಕೇಳಿದರು. ಕಟ್ಟಿಕೊಟ್ಟೆ, ಸೊಟ್ಟಗೆ.
ಒಬ್ಬನು ಮೂರು ಲಾರಿ ಕೊಟ್ಟ,
ಇನ್ನೊಬ್ಬಳು ಬಿಸಿ ಜೋಳದ ರೊಟ್ಟಿ.

ಮೊನ್ನೆ ಮಗನ ಶಾಲೆಗೆ ಬೂಟು ಕೊಳ್ಳಲು ಹೋದೆ.
ಅಗ್ಗದ್ದನ್ನು ಎತ್ತಿ ಕೇಳಿದೆ:
ಫುಟ್‌ಬಾಲ್ ಆಡಿದರೆ ಎಷ್ಟು ತಿಂಗಳು?
ಅಂಗಡಿಯ ಉಚಾ
ನನ್ನನ್ನು ನೋಡಿದ ರೀತಿ ನನಗೆ ಗೊತ್ತು.
ನಾನೂ ಹಾಗೇ ನೋಡಿದ್ದೆ.

ನಿನ್ನೆ ಸಂಜೆ ಬಿರುಸು ಮಳೆ.
ಬಸ್ ನಿಲ್ದಾಣದ ಆಚೆ ನೀಲಿ-ಸಾಸಿವೆ ಕೊಡೆ,
ಒಂದು ಕಡೆ ತುಸು ಕುಂಟುತ್ತ.
ಅವಳು ಕೈ ಎತ್ತಿ ಏನೋ ಸಂಖ್ಯೆ ಕೂಗಿದಳು,
ಬಸ್ಸಿನ ಹಾರ್ನು ಅದನ್ನು ತಿಂದಿತು.
ಹದಿನೆಂಟೋ, ಇಪ್ಪತ್ತೆಂಟೋ.

ಆ ಕೊಡೆ ಬದುಕಿರುವಷ್ಟು ದಿನ
ನನಗೆ ಹನ್ನೆರಡು ಲಾರಿ ನಷ್ಟ.
ಆದರೂ ಮೋಡ ಕಟ್ಟಿದೊಡನೆ
ಗಿರಾಕಿಯನ್ನು ನಿಲ್ಲಿಸಿ
ರಸ್ತೆಯ ಕಡೆ ನೋಡುತ್ತೇನೆ.